ಎಂಟು ಅಡಿ ಸಮುದ್ರ

ಮಾಸ್ತರರ ಮೇಲ್ದುಟಿಯ ಎಡತುದಿಗೆ ಅದರದೇ ಆದ ಒಂದು ಬುದ್ಧಿ ಇತ್ತು. ಯಾರಾದರೂ ಅವರೆದುರು ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಹೇಳಿದರೆ ಸಾಕು, ಆ ತುದಿ ತಾನಾಗಿಯೇ ಮೇಲಕ್ಕೆ ಸರಿದು ಒಳಗಿನ ಬೆಳ್ಳಿ ಕಟ್ಟಿದ ಹಲ್ಲು ಕಾಣುತ್ತಿತ್ತು. ಪಕ್ಕದಲ್ಲಿ ಕೊಳೆತ ಮೀನಿನ ಬುಟ್ಟಿ ಇಟ್ಟ ಹಾಗೆ ಮೂಗು ಕಿರಿದಾಗುತ್ತಿತ್ತು. ಬಾಯಲ್ಲಿ ಮಾತ್ರ ‘ಹೌದಾ, ಹೌದಾ’ ಎಂದೇ ಇರುತ್ತಿತ್ತು. ಪೆಟಾಲಿಂಗ್ ಜಯಾದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾನು ಆ ತುಟಿಯನ್ನು ಮೊದಲ ಸಲ ಕಂಡೆ. ಅವತ್ತು ಅದು ಎದ್ದದ್ದು ನನ್ನ ಮೇಲೆಯೇ.

ನಾನು ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಹಡಗುಗಳ ವೇಳಾಪಟ್ಟಿ ನೋಡಿಕೊಳ್ಳುವವಳು. ಯಾವ ಕಂಟೇನರು ಯಾವ ಹಡಗಿಗೆ ಹೋಗಬೇಕು, ಯಾವತ್ತು ಹೊರಟು ಯಾವತ್ತು ಮುಟ್ಟುತ್ತದೆ ಎಂದು ಹೇಳುವುದು ನನ್ನ ಕೆಲಸ. ಲಿಫ್ಟಿನಲ್ಲಿ ಧಾರವಾಡದ ತಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತ, ‘ಪೆಸಿಫಿಕ್ ಏನ್ ಭಾಳ ದೊಡ್ಡದಲ್ಲೋ, ಇಪ್ಪತ್ತೈದ ದಿನದಾಗ ಮುಗದಹೋಗತೈತಿ’ ಎಂದೆ.

‘ನೀವು ನೋಡಿದ್ದೀರಾ?’ ಎಂದು ಹಿಂದಿನಿಂದ ಕನ್ನಡದಲ್ಲೇ ಪ್ರಶ್ನೆ ಬಂತು. ತಿರುಗಿದರೆ, ಕೈಯಲ್ಲಿ ಒಣಸಿಗಡಿಯ ಪೊಟ್ಟಣ ಹಿಡಿದ ತೆಳ್ಳಗಿನ ಹಿರಿಯರೊಬ್ಬರು.

‘ಏನ್ರಿ?’

‘ಆ ಸಮುದ್ರ. ಕಾಲು ಒದ್ದೆ ಮಾಡಿ ಬಂದ ಹಾಗೆ ಮಾತಾಡಿದ್ರಲ್ಲ, ಅದಕ್ಕೆ ಕೇಳಿದ್ದು.’

ನನಗೆ ಸಿಟ್ಟು ಬಂತು. ಆದರೆ ಪರದೇಶದಲ್ಲಿ ಕನ್ನಡ ಕೇಳಿದವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು? ನಮ್ಮ ಮನೆ ಆರನೇ ಮಹಡಿ, ಅವರದು ಐದನೆಯದು. ಮರುದಿನವೇ ನನ್ನ ಮಗಳು ಅವರ ಮನೆಯಲ್ಲಿ ಕೂತು ಹುರಿದ ಸಿಗಡಿ ತಿನ್ನುತ್ತಿದ್ದಳು.

ಅವರು ಮಂಗಳೂರಿನ ಕ್ರೈಸ್ತರು. ಹುಡುಗನಾಗಿದ್ದಾಗ ಪಾದ್ರಿಯಾಗಲು ಸೆಮಿನರಿ ಸೇರಿ, ಅಲ್ಲಿ ಲ್ಯಾಟಿನ್ನನ್ನೂ ಸ್ಪ್ಯಾನಿಷ್ ಭಾಷೆಯನ್ನೂ ಕಲಿತು, ಪಾದ್ರಿಯಾಗದೆ ಹೊರಗೆ ಬಂದವರು. ಮದುವೆಯಾಗಲಿಲ್ಲ. ಪೆಟಾಲಿಂಗ್ ಜಯಾದ ಒಂದು ಖಾಸಗಿ ಕಾಲೇಜಿನಲ್ಲಿ, ನರ್ಸಿಂಗ್ ಮತ್ತು ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಮೊದಲ ವರ್ಷದಲ್ಲಿ ಬಲವಂತವಾಗಿ ಕುಡಿಸುವ ಇತಿಹಾಸದ ಪಾಠ ಹೇಳುತ್ತಿದ್ದರು. ಕೆಲಸ ಗುತ್ತಿಗೆಯದು. ಎರಡೆರಡು ವರ್ಷಕ್ಕೆ ವೀಸಾ ನವೀಕರಣ, ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದಾಟ. ಹಾಗೆಯೇ ತಲೆ ಬೆಳ್ಳಗಾಯಿತು.

ಧಾರವಾಡದ ಅಭ್ಯಾಸದಿಂದ ನಾನು ಅವರನ್ನು ಮನಸ್ಸಿನಲ್ಲಿ ಮಾಸ್ತರರು ಎಂದೇ ಕರೆದೆ, ಎದುರಿಗೆ ಸರ್. ಅವರಿಗೆ ನಾನು ವಾರದೊಳಗೇ ‘ಮಾರಾಯ್ತಿ’ಯಾದೆ. ಬಟ್ಟೆಯನ್ನು ಬಕೆಟ್ಟಿನಲ್ಲಿ ಕೈಯಿಂದಲೇ ಒಗೆಯುತ್ತಿದ್ದರು. ಯಂತ್ರ ಇತ್ತು, ಅದರೊಳಗೆ ಕಾಗದಗಳಿದ್ದವು. ಇಡೀ ಮನೆಯಲ್ಲಿ ಜಿರಳೆ ನುಗ್ಗದ ಜಾಗ ಅದೊಂದೇ ಎನ್ನುತ್ತಿದ್ದರು. ‘ಕಾಲು ಒದ್ದೆಯಾಗಿದೆಯಾ?’ ಎಂಬುದು ಅವರ ಎಲ್ಲ ಸಂದರ್ಭದ ಮಾತು. ಅಪಾರ್ಟ್‌ಮೆಂಟಿನ ಸಮಿತಿಯವರು ನೀರು ಸೋರಿಕೆಯ ಬಗ್ಗೆ ಉದ್ದದ ವರದಿ ಓದಿದಾಗ ಎದ್ದು ನಿಂತು, ‘ನಿಮ್ಮಲ್ಲಿ ಐದನೇ ಮಹಡಿಗೆ ಬಂದು ಕಾಲು ಒದ್ದೆ ಮಾಡಿಕೊಂಡವರು ಯಾರು?’ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಯಾರೂ ಇರಲಿಲ್ಲ. ಅವರು ಕೂತುಬಿಟ್ಟರು.

ಆ ಬಟ್ಟೆ ಯಂತ್ರದೊಳಗಿದ್ದ ಕಾಗದಗಳೇ ಅವರ ಬದುಕು. ಐನೂರು ವರ್ಷಗಳ ಹಿಂದೆ ಸ್ಪೇನಿನ ರಾಜನ ಪಂಡಿತರು, ವಕೀಲರು, ರಾಯಭಾರಿಗಳು ತಾವು ಕಾಣದ ಒಂದು ಸಮುದ್ರದ ಬಗ್ಗೆ ಬರೆದ ವಾದಗಳ ನಕಲುಗಳು. ಅದೇ ಪೆಸಿಫಿಕ್. ನನಗೆ ತಿಳಿಸಿಕೊಡಲು ಒಂದು ಸಲ ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತ ಒಂದು ಕಿತ್ತಳೆ ಹಣ್ಣು ತರಿಸಿದರು. ಅದರ ಮೇಲೆ ಪೆನ್ನಿನಿಂದ ಮೇಲಿನಿಂದ ಕೆಳಗೆ ಗೆರೆ ಎಳೆದರು.

‘ನೋಡು ಮಾರಾಯ್ತಿ. ಈ ಬದಿಯ ಗೆರೆ ಎಲ್ಲಿ ಅಂತ ಇಬ್ಬರು ರಾಜರು ಒಪ್ಪಿದ್ರು. ಒಂದು ಪಾಲು ಸ್ಪೇನಿಗೆ, ಒಂದು ಪೋರ್ಚುಗಲ್ಲಿಗೆ. ಆಯ್ತಾ? ಹಣ್ಣು ಉರುಟು ಉಂಟು. ಗೆರೆ ಆಚೆ ಬದಿಗೆ ಹೋಗ್ಲೇಬೇಕಲ್ಲ. ಅಲ್ಲಿ ಅದು ಎಲ್ಲಿ ಬೀಳ್ತದೆ?’

‘ನನಗೇನ ಗೊತ್ರಿ?’

‘ಹಾಂ! ಇಷ್ಟು ಅವರು ಹೇಳಿದ್ರೆ ಮುಗೀತಿತ್ತು. ಗೊತ್ತಿಲ್ಲ ಅಂತ. ಹೇಳ್ಲಿಲ್ಲ.’

ಹಣ್ಣಿನ ಆಚೆ ಬದಿಯಲ್ಲಿ ಲವಂಗ, ಜಾಯಿಕಾಯಿ ಬೆಳೆಯುವ ದ್ವೀಪಗಳಿದ್ದವು, ಇಲ್ಲಿಂದ ಪೂರ್ವಕ್ಕೆ. ಅಮೆರಿಕಕ್ಕೂ ಅವಕ್ಕೂ ನಡುವಿನ ಸಮುದ್ರ ಕಿರಿದಾಗಿದ್ದರೆ ಅವು ಸ್ಪೇನಿನ ಪಾಲು, ಅಗಲವಾಗಿದ್ದರೆ ಪೋರ್ಚುಗಲ್ಲಿನದು. ಆದ್ದರಿಂದ ಸ್ಪೇನಿನ ಪಂಡಿತರಿಗೆ ಸಮುದ್ರ ಕಿರಿದಾಗಿಯೇ ಕಂಡಿತು. ಎರಡು ದೇಶದವರೂ ಗಡಿಯಲ್ಲಿ ಸೇರಿ, ಪ್ರಮಾಣ ಮಾಡಿ, ವಾರಗಟ್ಟಲೆ ಕೂತು ತಂತಮ್ಮ ನಕ್ಷೆ ಬಿಚ್ಚಿದರು. ಒಬ್ಬರ ದ್ವೀಪ ಇನ್ನೊಬ್ಬರ ದ್ವೀಪದ ಜಾಗದಲ್ಲಿರಲಿಲ್ಲ. ಕೆಲವರು ಅಷ್ಟು ದೊಡ್ಡ ನೀರನ್ನು ಕೊಲ್ಲಿ ಎಂದೇ ಬರೆದರು, ಮನೆಯ ಹಿತ್ತಲಿನ ಹಳ್ಳ ಎನ್ನುವ ಹಾಗೆ. ಅದನ್ನು ದಾಟಿ ಬದುಕಿ ಬಂದ ನಾವಿಕರು ಅಲ್ಲೇ ಇದ್ದರು. ಪಂಡಿತರು ಅವರ ಕಷ್ಟದ ಕಥೆ ಕೇಳಿದರು. ಅಳತೆಯನ್ನು ಮಾತ್ರ ತಮಗೆ ಬೇಕಾದಷ್ಟೇ ತೆಗೆದುಕೊಂಡರು.

‘ಕಳ್ಳರಾಗಿದ್ರೆ ನನಗೆ ಬೇಸರ ಇರ್ಲಿಲ್ಲ’ ಎಂದರು ಮಾಸ್ತರರು. ‘ಒಳ್ಳೆ ಜನ. ಪೂಜೆಗೆ ಹೋಗ್ತಿದ್ರು, ಉಪವಾಸ ಮಾಡ್ತಿದ್ರು. ಅವರ ಅಕ್ಷರ ನೋಡ್ಬೇಕು ನೀನು, ಮುತ್ತು. ನಾನು ಆ ಭಾಷೆ ಕಲ್ತದ್ದು ಸಂತರನ್ನು ಓದ್ಲಿಕ್ಕೆ. ಓದಿದ್ದು ಇವರನ್ನು. ಓದಿದ ದಿನ ಊಟ ಸೇರುವುದಿಲ್ಲ.’

ಹೇಳುತ್ತ ಆ ಕಿತ್ತಳೆ ಸುಲಿದರು. ನನಗೂ ಕೊಟ್ಟರು. ಪೆನ್ನಿನ ಶಾಯಿ ತಾಗಿದ ತೊಳೆಗಳನ್ನು ತಾವೇ ತಿಂದರು.

ಇಂಥದ್ದರಲ್ಲಿ ಮಗಳಿಗೆ ಏನು ರುಚಿ ಸಿಕ್ಕಿತೋ. ಆಗ ಅವಳಿಗೆ ಹದಿನೈದು. ನನ್ನ ಕನ್ನಡ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನೆದುರು ಫೋನಿನಿಂದ ತಲೆ ಎತ್ತದವಳು ಮಾಸ್ತರರ ಮನೆಗೆ ಫೋನು ಬಿಟ್ಟು ಹೋಗುತ್ತಿದ್ದಳು. ಒಂದು ಶನಿವಾರ ಅವರ ಮನೆಯಿಂದ ನಾರುವ ವಾಸನೆ ಬಂತು. ನಾನು ಓಡಿ ಹೋದೆ. ಒಲೆಯ ಮೇಲೆ ತೊಗಲು ಬೇಯುತ್ತಿತ್ತು.

ಕ್ಲಾಂಗಿನಲ್ಲಿ ತಮಿಳರ ಅಂಗಡಿಗಳ ಬೀದಿ ಇದೆ. ಅಲ್ಲಿ ಡೋಲು ರಿಪೇರಿ ಮಾಡುವವನಿಂದ ಅವರು ಎತ್ತಿನ ತೊಗಲಿನ ಒಂದು ತುಂಡು ತಂದು, ಉಪ್ಪುನೀರಿನಲ್ಲಿ ನಾಲ್ಕು ದಿನ ನೆನೆಸಿದ್ದರು. ಆ ಸಮುದ್ರ ದಾಟುವಾಗ ಊಟ ಮುಗಿದು, ನಾವಿಕರು ಹಡಗಿನ ಕಂಬಕ್ಕೆ ಸುತ್ತಿದ್ದ ತೊಗಲನ್ನು ಹಾಗೆಯೇ ನೆನೆಸಿ, ಕೆಂಡದಲ್ಲಿ ಸುಟ್ಟು ತಿಂದಿದ್ದರಂತೆ. ತಮ್ಮ ತರಗತಿಯ ಮಕ್ಕಳನ್ನೂ ಕರೆದಿದ್ದರು. ಯಾರೂ ಬಂದಿರಲಿಲ್ಲ.

‘ಸರ್, ಇದೇನ್ರಿ ಇದು, ಹೇಸಿಗಿ!’ ಎಂದೆ, ಸೆರಗು ಮೂಗಿಗೆ ಹಿಡಿದು.

‘ಹೇಸಿಗೆ ಅಲ್ವಾ? ಸರಿ. ಇದೇ ಆ ಸಮುದ್ರದ ಅಗಲ’ ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಅಗಿದೇ ಅಗಿದರು, ಕಣ್ಣಲ್ಲಿ ನೀರು ಬಂತು. ಮಗಳೂ ಒಂದು ತುಂಡು ಅಗಿದಳು. ಓಡಿಹೋಗಿ ವಾಂತಿ ಮಾಡಿಕೊಂಡು ಬಂದು ಮತ್ತೆ ಕೂತಳು. ನಾನು ಅಗಿಯಲಿಲ್ಲ. ಸಸ್ಯಾಹಾರದ ನೆಪ ಹೇಳಿ ಮೇಲೆ ಬಂದೆ.

ಆಮೇಲೆ ಅವರಿಬ್ಬರೂ ಬಟ್ಟೆಯ ನಕ್ಷೆಗೆ ಕೈಹಾಕಿದರು. ಅದೇ ವರ್ಷ ಕಾಲೇಜು ಮಾಸ್ತರರ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ತಿಳಿಸಿತ್ತು. ವಯಸ್ಸಿನ ಕಾರಣ. ಹೋಗುವ ಮುಂಚೆ ಒಂದು ಪ್ರದರ್ಶನ ಮಾಡಿ ಎಂದಿದ್ದರು. ಪುಸ್ತಕ ಬರೆಯುವುದು ಅವರಿಂದ ಆಗಿರಲಿಲ್ಲ. ಇಪ್ಪತ್ತು ವರ್ಷ ಓದಿದ್ದಕ್ಕೆ ಉಳಿಯುವ ಗುರುತು ಇದೊಂದೇ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂವತ್ತು ಅಡಿ ನೀಲಿ ಬಟ್ಟೆ. ಒಂದು ತುದಿಯಲ್ಲಿ ಅಮೆರಿಕದ ದಂಡೆ, ಇನ್ನೊಂದರಲ್ಲಿ ನಮ್ಮ ಕಡೆಯ ದ್ವೀಪಗಳು. ನಡುವೆ, ಆ ಸಮುದ್ರವನ್ನು ಮೊದಲು ದಾಟಿದ ಹಡಗುಗಳು ತಾಜಾ ಊಟವಿಲ್ಲದೆ ಕಳೆದ ಮೂರು ತಿಂಗಳು ಇಪ್ಪತ್ತು ದಿನ. ದಿನಕ್ಕೆ ನಾಲ್ಕು ಬೆರಳು ಜಾಗ. ಪ್ರತಿ ದಿನಕ್ಕೂ ಮಗಳು ಬಿಳಿ ಶಾಯಿಯಲ್ಲಿ ಬರೆದಳು. ನೀರು ಹಳದಿ. ಬಿಸ್ಕತ್ತಿನ ಪುಡಿ, ಹುಳ. ಇಲಿ. ತೊಗಲು. ನೀರು ಹಳದಿ. ಒಬ್ಬ ಸತ್ತ. ಉದ್ದಕ್ಕೂ ಒಂದು ಕೆಂಪು ದಾರವನ್ನು ಮಾಸ್ತರರು ತಮ್ಮ ಕೈಯಿಂದಲೇ ಹೊಲಿದರು. ಅದು ಇಲ್ಲೇ ಹತ್ತಿರದ ಮಲಾಕಾದಲ್ಲಿ ಕೊಂಡ ಒಬ್ಬ ಗುಲಾಮನ ದಾರಿ. ಆ ಹಡಗುಗಳ ನಾಯಕ ಅವನನ್ನು ಇಲ್ಲಿಂದ ಯೂರೋಪಿಗೆ ಒಯ್ದು, ಆಚೆ ಕಡೆಯಿಂದ ಸುತ್ತಿಸಿ ಮತ್ತೆ ಈ ಕಡೆಗೆ ತಂದಿದ್ದ. ತಾನು ಸತ್ತ ಮೇಲೆ ಅವನಿಗೆ ಬಿಡುಗಡೆ ಎಂದು ನಾಯಕ ಬರೆದಿಟ್ಟಿದ್ದ. ಉಳಿದವರು ಬಿಡಲಿಲ್ಲ.

‘ಅಗಲ ಕಾಣ್ಬೇಕು, ಅಷ್ಟೇ’ ಎನ್ನುತ್ತಿದ್ದರು ಮಾಸ್ತರರು. ‘ಈ ತುದಿಯಿಂದ ಆ ತುದಿಗೆ ನಡೀಬೇಕು ಜನ. ನಡೆದು ಬೋರ್ ಆಗ್ಬೇಕು. ಬೋರ್ ಆದ್ರೆ ಅರ್ಥ ಆಯ್ತು ಅಂತ.’

ಪ್ರದರ್ಶನಕ್ಕೆ ಸಾಮಾನು ಸಾಗಿಸುವ ವ್ಯಾನು, ಕುರ್ಚಿ, ಊಟ ಎಲ್ಲ ನಮ್ಮ ಕಂಪನಿಯದು. ನಾನೇ ಮ್ಯಾನೇಜರನ್ನು ಒಪ್ಪಿಸಿದ್ದೆ, ಹಾಗಾಗಿ ಸಭಾಂಗಣ ಸಿದ್ಧಪಡಿಸುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಏಳಕ್ಕೇ ಹೋದೆ. ಮಾಸ್ತರರೂ ಮಗಳೂ ಒಂಬತ್ತಕ್ಕೆ ಬರುವವರಿದ್ದರು. ಬಟ್ಟೆ ಬಿಚ್ಚಿ ಗೋಡೆಗೆ ಹಿಡಿದು ನೋಡಿದರೆ, ಗೋಡೆ ಇಪ್ಪತ್ತೆರಡೇ ಅಡಿ. ಮೂಲೆ ತಿರುಗಿಸಿ ಪಕ್ಕದ ಗೋಡೆಗೆ ಹೊರಳಿಸಬಹುದಿತ್ತು. ಆದರೆ ಅಲ್ಲಿ ನಮ್ಮ ಕಂಪನಿಯ ಬ್ಯಾನರು ನಿಂತಿತ್ತು. ಮುಖ್ಯ ಅತಿಥಿ ಒಂದು ರಾಯಭಾರ ಕಚೇರಿಯವರು. ಅವರು ಅಲ್ಲಿ ನಿಂತು ದೀಪ ಹಚ್ಚುತ್ತಾರೆ, ಫೋಟೋದಲ್ಲಿ ನಮ್ಮ ಹೆಸರು ಬರಲೇಬೇಕು ಎಂದು ಮ್ಯಾನೇಜರು ಎರಡು ಸಲ ಹೇಳಿದ್ದರು.

ನಮ್ಮ ಕಚೇರಿಯಲ್ಲಿ ಹಡಗುಮಾರ್ಗದ ನಕ್ಷೆಗಳನ್ನು ಹೇಗೆ ಬರೆಯುತ್ತಾರೆ ಎಂದು ಹೇಳಬೇಕು. ಬಂದರು ಇರುವಲ್ಲಿ ವಿವರವಾಗಿ ಬರೆಯುತ್ತೇವೆ. ನಡುವಿನ ಸಮುದ್ರದಿಂದ ನಮಗೆ ಏನೂ ಆಗಬೇಕಾದ್ದಿಲ್ಲ, ಅದನ್ನು ಕತ್ತರಿಸಿ ಎರಡು ಅಂಕುಡೊಂಕು ಗೆರೆ ಎಳೆಯುತ್ತೇವೆ. ಇಲ್ಲಿ ನೀರು ಬಿಟ್ಟಿದ್ದೇವೆ ಎಂದು ಅರ್ಥ. ಹದಿನಾಲ್ಕು ವರ್ಷದಿಂದ ನಾನು ಸಮುದ್ರವನ್ನು ಹಾಗೆಯೇ ನೋಡಿದವಳು. ಕತ್ತರಿ ತೆಗೆದುಕೊಂಡೆ. ಮಧ್ಯದಲ್ಲಿ ‘ನೀರು ಹಳದಿ’ ಎಂದು ಮತ್ತೆ ಮತ್ತೆ ಬಂದಿದ್ದ ಜಾಗ ಹುಡುಕಿ ಎಂಟು ಅಡಿ ತೆಗೆದೆ. ಅಂದರೆ ಮೂವತ್ತೆರಡು ದಿನ. ಎರಡು ತುದಿ ಸೇರಿಸಿ ಪಿನ್ನು ಚುಚ್ಚಿ, ಮೇಲೆ ಸೀಮೆಸುಣ್ಣದಲ್ಲಿ ಅಂಕುಡೊಂಕು ಗೆರೆ ಎಳೆದೆ. ಕೆಂಪು ದಾರದ ಎರಡು ತುಂಡನ್ನು ಗಂಟು ಹಾಕಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಎಷ್ಟು ಅಚ್ಚುಕಟ್ಟಾಗಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಈಗ ನೆನೆದರೆ ಆ ಮೆಚ್ಚುಗೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ವಾಕರಿಕೆ ತರುತ್ತದೆ.

ಕತ್ತರಿಸಿದ ತುಂಡು ಕುರ್ಚಿಯ ಮೇಲೆ ಬಿದ್ದಿತ್ತು. ಊಟ ತಂದಿದ್ದ ಮಾಮಕ್ ಅಂಗಡಿಯವನು ಅದನ್ನೆತ್ತಿ, ಬೇಕಾ ಅಕ್ಕಾ ಎಂದು ತಮಿಳಿನಲ್ಲಿ ಕೇಳಿದ. ನಾನು ಫೋನಿನಲ್ಲಿದ್ದೆ. ಬೇಡ ಎಂದು ಕೈಯಾಡಿಸಿದೆ.

ಒಂಬತ್ತಕ್ಕೆ ಬರಬೇಕಾದ ಮಾಸ್ತರರಿಗೂ ಮಗಳಿಗೂ ಬಸ್ಸು ಸಿಗದೆ ಹತ್ತೂವರೆಯಾಯಿತು. ಆಗಲೇ ಅತಿಥಿಗಳು ಬಂದಾಗಿತ್ತು. ಮುಖ್ಯ ಅತಿಥಿ ಒಳ್ಳೆಯ ಬಟ್ಟೆ ತೊಟ್ಟ, ನಗುಮೊಗದ ಮನುಷ್ಯ. ನಕ್ಷೆಯ ಎದುರು ನಿಂತು ಎರಡೂ ಕೈ ಚಾಚಿ, ಆಚೆ ತುದಿಗೂ ಈಚೆ ತುದಿಗೂ ತೋರಿಸಿ, ‘ನೋಡಿ, ನಾವೆಲ್ಲ ಎಷ್ಟು ಹತ್ತಿರ ಇದ್ದೇವೆ!’ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಫೋಟೋದಲ್ಲಿ ಅವರ ಪಕ್ಕ ನಗುತ್ತ ನಿಂತವಳು ನಾನು.

ಮಾಸ್ತರರು ಎರಡನೇ ಸಾಲಿನಲ್ಲಿ ಕೂತಿದ್ದರು. ತುಟಿ ಎದ್ದಿತ್ತು. ಅದು ಅತಿಥಿಯ ಮಾತಿಗೆ ಎಂದುಕೊಂಡೆ. ಮಾಸ್ತರರು ಮಾತಾಡಬೇಕಿದ್ದ ಹದಿನೈದು ನಿಮಿಷವನ್ನು, ಅತಿಥಿಗೆ ಪುತ್ರಜಯಾದಲ್ಲಿ ಇನ್ನೊಂದು ಸಭೆ ಇದೆಯೆಂದು, ಕಾಲೇಜಿನ ಕಾರ್ಯಕ್ರಮದ ಉಸ್ತುವಾರಿ ಹೆಂಗಸು ರದ್ದು ಮಾಡಿದಳು. ಎಲ್ಲರೂ ಊಟಕ್ಕೆ ಎದ್ದರು.

ಹೊರಗೆ ವರಾಂಡದಲ್ಲಿ ಎಂಜಲು ತಟ್ಟೆ ಇಡುವ ಮೇಜೊಂದಿತ್ತು. ಮಾಸ್ತರರು ತಿನ್ನದೆ ಬಿಟ್ಟ ತಟ್ಟೆಯನ್ನು ಅದರ ಮೇಲೆ ಇಡಲು ಹೋಗಿ ಹಾಗೆಯೇ ನಿಂತರು. ಮೇಜಿಗೆ ಹಾಸಿದ್ದು ನಮ್ಮ ನೀಲಿ ಬಟ್ಟೆ. ಮೇಲೆ ಕೋಳಿಯ ಮೂಳೆ, ಅರಿಶಿನದ ಸಾರು, ಸಾಂಬಲ್ ಎಂಬ ಖಾರದ ಚಟ್ನಿಯ ಎಣ್ಣೆ, ಯಾರೋ ಒರೆಸಿ ಎಸೆದ ಕಾಗದ. ನಡುವೆ ಮಗಳ ಬಿಳಿ ಅಕ್ಷರ.

ಅವರು ಕೂಗಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟರು. ಸುಮಾರು ನಲವತ್ತು ತಟ್ಟೆ. ಸೂಟು ತೊಟ್ಟವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಉಸ್ತುವಾರಿ ಹೆಂಗಸು ಓಡಿ ಬಂದು, ಮಾತಿಗೆಲ್ಲ ‘ಲಾ’ ಹಚ್ಚುವ ಇಲ್ಲಿನ ಇಂಗ್ಲಿಷಿನಲ್ಲಿ, ‘ಸರ್, ಪ್ಲೀಸ್ ಲಾ, ಗೆಸ್ಟ್ಸ್ ಆರ್ ವಾಚಿಂಗ್’ ಎಂದಳು. ಅವರು ಬಟ್ಟೆಯನ್ನೆಳೆದು ಮುದ್ದೆ ಮಾಡಿ ಎದೆಗೆ ಒತ್ತಿ ಹಿಡಿದು, ಕಾರು ನಿಲ್ಲಿಸುವ ಕಡೆ ಇದ್ದ ನಲ್ಲಿಗೆ ನಡೆದರು. ಅಂಗಿಯ ಮೇಲೆಲ್ಲ ಎಣ್ಣೆ ಇಳಿಯಿತು.

ನಾನು ಹೋಗುವ ಹೊತ್ತಿಗೆ ಮಗಳು ಅಲ್ಲಿದ್ದಳು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದರು. ಅರಿಶಿನ ಹೋಗುತ್ತಿರಲಿಲ್ಲ, ಅಕ್ಷರ ಹೋಗುತ್ತಿತ್ತು.

‘ಯಾರು ಕಟ್ ಮಾಡಿದ್ದು?’ ಎಂದರು ಮಾಸ್ತರರು, ತಲೆ ಎತ್ತದೆ.

‘ನಾನರೀ ಸರ್. ಗ್ವಾಡಿ ಸಾಲಲಿಲ್ರಿ.’

‘ಎಷ್ಟು?’

‘ಎಂಟ ಅಡಿ. ಅಲ್ಲೇನೂ ಇರ್ಲಿಲ್ರಿ ಸರ್, ದಿನಾ ಅದ ಅದ ಇತ್ತು. ಗುರುತು ಹಾಕೇನ್ರಿ, ನಮ್ಮ ಆಫೀಸಿನಾಗ ಹಂಗ ಹಾಕ್ತೀವಿ…’

‘ಅಮ್ಮ, ಸ್ಟಾಪ್. ಜಸ್ಟ್ ಸ್ಟಾಪ್ ಲಾ’ ಎಂದಳು ಮಗಳು. ಅಳುತ್ತಿದ್ದಳು.

ಮಾಸ್ತರರು ನಲ್ಲಿ ನಿಲ್ಲಿಸಿದರು. ‘ಮೂಲೆ ತಿರುಗಿಸ್ಬಹುದಿತ್ತಲ್ಲ?’

ನಾನು ಬ್ಯಾನರಿನ ವಿಷಯ ಹೇಳಿದೆ. ಸುಳ್ಳು ಹೇಳಬಹುದಿತ್ತು, ಆ ಮುಖ ನೋಡಿ ಆಗಲಿಲ್ಲ. ಅವರು ತಮ್ಮ ಹಳದಿ ಕೈಗಳನ್ನು ನೋಡಿಕೊಂಡರು. ಆಮೇಲೆ, ‘ನೀನು ಕೆಟ್ಟವಳಲ್ಲ ಮಾರಾಯ್ತಿ. ಆ ಪಂಡಿತರು ಸಹ ಕೆಟ್ಟವರಲ್ಲ. ಅದೇ ನನಗೆ ಹೇಸಿಗೆ’ ಎಂದರು.

ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅದೇ ರಾತ್ರಿ ಹೊಲಿದುಕೊಡುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಗೋಡೆಯ ಮೇಲಿನ ತುಂಡುಗಳನ್ನು ಕಾಲೇಜು ಆಗಲೇ ತನ್ನ ಆಸ್ತಿ ಎಂದು ಬರೆದುಕೊಂಡಿತ್ತು. ಮುಖ್ಯ ಅತಿಥಿ ಮೆಚ್ಚಿದ ನಕ್ಷೆಯಲ್ಲವೇ? ವಾರದೊಳಗೆ ಅದಕ್ಕೆ ಗಾಜಿನ ಚೌಕಟ್ಟು ಬಂತು. ಪಿನ್ನು ತೆಗೆಸಿ, ನನ್ನ ಸೀಮೆಸುಣ್ಣದ ಗೆರೆ ಒರೆಸಿ, ಸೀಳು ಕಾಣದ ಹಾಗೆ ಯಂತ್ರದಲ್ಲಿ ಹೊಲಿಸಿ, ಗ್ರಂಥಾಲಯದ ಓಣಿಯಲ್ಲಿ ತೂಗುಹಾಕಿದರು. ಕೆಳಗೆ ಹಿತ್ತಾಳೆಯ ಫಲಕ. ಅದರ ಮೇಲೆ ಮಾಸ್ತರರ ಹೆಸರು, ಜೊತೆಗೆ ‘ಪೆಸಿಫಿಕ್ ಮಹಾಸಾಗರ, ಅಳತೆಗೆ ಸರಿಯಾಗಿ’ ಎಂಬ ಮಾತು. ಆ ಮಾತು ಮೂವತ್ತು ಅಡಿಯ ನಕ್ಷೆಗೆಂದು ಅವರೇ ಬರೆದುಕೊಟ್ಟಿದ್ದು.

ಹೀಗೆ, ಕಿರಿದಾದ ಸಮುದ್ರದ ನಕ್ಷೆ ಬರೆದವರ ಸಾಲಿನಲ್ಲಿ ಕೊನೆಯ ಹೆಸರು ಮಾಸ್ತರರದೇ ಆಯಿತು. ಜೀವಮಾನವಿಡೀ ಯಾವುದಕ್ಕೆ ಅಸಹ್ಯಪಟ್ಟರೋ ಅದರ ಕೆಳಗೇ ಅವರ ಹೆಸರನ್ನು ಕೆತ್ತಿದರು. ಅವರು ಪ್ರಾಂಶುಪಾಲರಿಗೆ ಎರಡು ಪತ್ರ ಬರೆದರು. ಕೆಲಸ ಮುಗಿದ ಮನುಷ್ಯನ ಪತ್ರಕ್ಕೆ ಯಾರು ಉತ್ತರಿಸುತ್ತಾರೆ?

ಊರಿಗೆ ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ವಿಮಾನದ ತೂಕದ ಮಿತಿಯೊಳಗೆ ಕಾಗದಗಳು ಹಿಡಿಯಲೆಂದು ಅರ್ಧಕ್ಕರ್ಧ ಬಟ್ಟೆಗಳನ್ನು ಬಿಟ್ಟು ಹೊರಟಿದ್ದರು. ಅರಿಶಿನದ ಕಲೆಯ ಎಂಟು ಅಡಿಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡಿದ್ದರು. ಇಳಿಯುವಾಗ ಒಂದೇ ಒಂದು ಮಾತು ಕೇಳಿದರು.

‘ಅದರ ಕೆಳಗೆ ಒಂದು ಚೀಟಿ ಅಂಟಿಸ್ತೀಯಾ? ಮಧ್ಯದಿಂದ ಎಂಟು ಅಡಿ ತೆಗೆದಿದ್ದಾರೆ ಅಂತ. ನಿನ್ನ ಹೆಸರು ಬೇಡ. ನೀನು ಸ್ಪಾನ್ಸರಿನವಳು, ನೀನು ಹೇಳಿದ್ರೆ ಕೇಳ್ತಾರೆ.’

‘ಖರೇನ ಅಂಟಸ್ತೇನ್ರಿ ಸರ್’ ಎಂದೆ.

ಕಾಲೇಜಿಗೆ ಎರಡು ಸಲ ಫೋನು ಮಾಡಿದೆ. ‘ಲೇಟರ್ ಲಾ, ಮೇಡಂ’ ಎಂದಳು ಉಸ್ತುವಾರಿ ಹೆಂಗಸು. ಮೂರನೇ ಸಲ ಮಾಡಲು ನನಗೆ ಸಂಕೋಚ. ಯಾಕೆ ತೆಗೆದರು ಎಂದು ಕೇಳಿದರೆ ಬ್ಯಾನರಿನ ಮಾತು ಬರುತ್ತದೆ, ಮ್ಯಾನೇಜರಿಗೆ ಹೋಗುತ್ತದೆ. ಅಂಥ ದೊಡ್ಡ ಭಯವೂ ಅಲ್ಲ ಅದು, ಬರೀ ಮುಜುಗರ. ಮಾಸ್ತರರು ತಿಂಗಳಿಗೊಮ್ಮೆ ಮಗಳಿಗೆ ಸಂದೇಶ ಕಳಿಸುತ್ತಿದ್ದರು. ‘ಚೀಟಿ?’ ಎಂದು ಕೊನೆಯಲ್ಲಿ ಒಂದೇ ಪದ. ಮಗಳು ಅದನ್ನು ನನ್ನ ಮುಖದೆದುರು ಹಿಡಿಯುತ್ತಿದ್ದಳು. ಈ ವಾರ ಹೋಗುತ್ತೇನೆ ಎನ್ನುತ್ತಿದ್ದೆ. ಒಂದೂವರೆ ವರ್ಷ ಹೀಗೇ ಹೋಯಿತು.

ಅವರು ತೀರಿಕೊಂಡ ಸುದ್ದಿ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂತು. ಮಂಗಳೂರಿನಲ್ಲಿ, ಅಕ್ಕನ ಮಗನ ಮನೆಯಲ್ಲಿ, ಹೃದಯಾಘಾತ. ಅದರ ಕೆಳಗೆ ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿದವು, ಅವುಗಳ ನಡುವೆ ಯಾರದೋ ಹುಟ್ಟುಹಬ್ಬದ ಕೇಕು. ಕಾಲೇಜಿನವರು ಶ್ರದ್ಧಾಂಜಲಿಯ ಪೋಸ್ಟರು ಮಾಡಿಸಿದರು. ಚಿತ್ರದಲ್ಲಿ ಮಾಸ್ತರರು, ಹಿಂದೆ ಆ ನಕ್ಷೆ, ‘ಸಾಗರಗಳನ್ನು ಹತ್ತಿರ ತಂದ ಗುರು’ ಎಂಬ ಸಾಲು.

ಸಂತಾಪ ಸಭೆ ಅದೇ ಸಭಾಂಗಣದಲ್ಲಿ. ಆತ್ಮೀಯರಾಗಿದ್ದವರು ಎಂದು ನನ್ನನ್ನೂ ಮಾತಾಡಲು ಕರೆದರು. ಎರಡು ನಿಮಿಷ. ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಪ್ರಾಂಶುಪಾಲರು ಎದುರಿಗೆ, ನಮ್ಮ ಮ್ಯಾನೇಜರು ಅವರ ಪಕ್ಕ, ಮಗಳು ಕೊನೆಯ ಸಾಲಿನಲ್ಲಿ. ಹೇಳಬೇಕೆಂದೇ ಎದ್ದೆ. ಒಣಸಿಗಡಿಯ ಮಾತು ಹೇಳಿದೆ, ಜನ ನಕ್ಕರು. ಬಟ್ಟೆ ಯಂತ್ರದಲ್ಲಿ ಕಾಗದ ಇಟ್ಟದ್ದು ಹೇಳಿದೆ, ಇನ್ನೂ ನಕ್ಕರು. ತೊಗಲಿನ ಕಥೆ ಹೇಳಿ, ಎಂಥ ಅಪರೂಪದ ಶಿಕ್ಷಕರು ಎಂದೆ. 'ಅವರ ನಕ್ಷೆ ನಿಮ್ಮ ಗ್ರಂಥಾಲಯದ ಓಣಿಯಲ್ಲಿದೆ' ಎಂದೂ ಹೇಳಿದೆ. ಮುಂದಿನ ವಾಕ್ಯ ನಾಲಿಗೆಯ ಮೇಲಿತ್ತು. ಮ್ಯಾನೇಜರು ನನ್ನನ್ನು ನೋಡಿ ಮುಗುಳ್ನಕ್ಕರು. ಉಸ್ತುವಾರಿ ಹೆಂಗಸು ಗಡಿಯಾರ ತೋರಿಸಿದಳು. ನಮಸ್ಕಾರ ಮಾಡಿ ಕೂತೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ಕಾರಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

‘ಎರಡ ನಿಮಿಷ ಕೊಟ್ಟಿದ್ರವ್ವಾ’ ಎಂದೆ, ಅವಳೇನೂ ಕೇಳದಿದ್ದರೂ.

‘ಹೌ ಲಾಂಗ್ ಡಸ್ ಇಟ್ ಟೇಕ್, ಅಮ್ಮ?’ ಎಂದಳು. ‘ಟು ಸೇ ಐ ಕಟ್ ಇಟ್?’

ನಾನು ಗಾಡಿ ಓಡಿಸಿದೆ.

ಕಾಲೇಜಿನ ಓಣಿಯಲ್ಲಿ ಆ ಗಾಜಿನ ಚೌಕಟ್ಟು ಇವತ್ತಿಗೂ ಇದೆ. ಹೊಸ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮಾಸ್ತರರು ಹೆಸರು ಬೇಡ ಎಂದಿದ್ದರು. ಹೆಸರು ಬೇಡದ್ದರಿಂದಲೇ ನನಗೆ ತಪ್ಪಿಸಿಕೊಳ್ಳಲು ಸುಲಭವಾಯಿತು ಎಂದು ಈಗ ಗೊತ್ತಾಗಿದೆ. ಆ ಚೀಟಿಯನ್ನು ನಿನ್ನೆ ಬರೆದೆ. ನಾಳೆ ಬೆಳಿಗ್ಗೆ ಅಂಟಿಸಿ ಬರುತ್ತೇನೆ, ಮಗಳೂ ಬರುತ್ತಾಳಂತೆ. ಯಾರಾದರೂ ಕಿತ್ತು ಹಾಕಿದರೆ ಇಲ್ಲಾದರೂ ಇರಲಿ:

ಈ ಸಮುದ್ರದ ಮಧ್ಯದಿಂದ ಎಂಟು ಅಡಿ ತೆಗೆಯಲಾಗಿದೆ. ಬರೆದವರು ತೆಗೆದದ್ದಲ್ಲ. ತೆಗೆದವಳು ನಾನು.